ಗಾಡಿಯ ಕ್ಯೂಆರ್‌ನಿಂದ ನನ್ನ ನಂಬರ್ ಎಲ್ಲರಿಗೂ ಹೋಗ್ತಿದೆ, ತಪ್ಪಿಸೋದು ಹೇಗೆ?

ಬಜ್ಜಿ ಗಾಡಿ, ಮಂಡ್ಯ
ಗುತ್ತಲು ರಸ್ತೆ ಕಡೆ ಸಂಜೆ ಹೊತ್ತು ಬಜ್ಜಿ, ಬೋಂಡ, ಚುರುಮುರಿ ಮಾರ್ತೀನಿ. ಯಜಮಾನ್ರು ಆಟೊ ಓಡಿಸ್ತಾರೆ, ಗಾಡಿ ಪೂರ್ತಿ ನನ್ನದೇ. ಪುರಿ ಡಬ್ಬದ ಮೇಲೆ ಅಂಟಿಸಿರೋ ಕ್ಯೂಆರ್ ನನ್ನ ಸ್ವಂತ ಫೋನಿಂದು. ದುಡ್ಡು ಹಾಕಿದವರಿಗೆ ಬ್ಯಾಂಕಲ್ಲಿರೋ ನನ್ನ ಪೂರ್ತಿ ಹೆಸರು ಕಾಣುತ್ತೆ, ಯುಪಿಐ ಐಡಿಯೊಳಗೆ ಮೊಬೈಲ್ ನಂಬರೂ ಕಾಣುತ್ತೆ. ಇಪ್ಪತ್ತು ರೂಪಾಯಿ ಬಜ್ಜಿ ತಿಂದೋರಿಗೆ ನನ್ನ ನಂಬರ್ ಯಾಕೆ?

ರಾತ್ರಿ ಹನ್ನೊಂದರ ಮೇಲೆ ವಾಟ್ಸಾಪ್‌ಗೆ "ಊಟ ಆಯ್ತಾ", "ಡಿಪಿ ಚೆನ್ನಾಗಿದೆ" ಅಂತ ಬರುತ್ತೆ. ಒಬ್ಬನನ್ನ ಬ್ಲಾಕ್ ಮಾಡಿದೆ. ಈಗ ಅವನು ಒಂದೊಂದು ರೂಪಾಯಿ ಹಾಕಿ, ಅದರ ಜೊತೆ ಬರೆಯೋ ಜಾಗದಲ್ಲಿ "ಯಾಕೆ ಕೋಪ" ಅಂತ ಕಳಿಸ್ತಾನೆ. ಅದೇ ಫೋನಲ್ಲಿ ಮಗಳ ಸ್ಕೂಲ್ ಗ್ರೂಪ್ ಇದೆ, ಅವಳ ಫೋಟೊಗಳಿವೆ. ಮೈಯೆಲ್ಲ ಉರಿಯುತ್ತೆ.

ಮನೇಲಿ ಹೇಳಿದ್ರೆ ಗಾಡಿ ನಿಲ್ಲಿಸು ಅಂತಾರೆ. ನಿಲ್ಲಿಸಲ್ಲ. ಕ್ಯೂಆರ್ ತೆಗೆಯೋಕೂ ಆಗಲ್ಲ, ಕಾಲೇಜು ಮಕ್ಕಳ ಜೇಬಲ್ಲಿ ಚಿಲ್ಲರೆ ಇರೋದೇ ಇಲ್ಲ. ದಾರಿ ಗೊತ್ತಿದ್ದೋರು ಹೇಳಿ.

ಮೊಬೈಲ್ ರಿಪೇರಿ, ಮದ್ದೂರು
ಅಕ್ಕ, ವ್ಯಾಪಾರಿಗಳಿಗೇ ಅಂತ ಬೇರೆ ಬಿಸಿನೆಸ್ ಕ್ಯೂಆರ್ ಕೊಡ್ತಾರೆ. ಅದರಲ್ಲಿ ಅಂಗಡಿ ಹೆಸರು ಹಾಕಿಸಬಹುದು, ಐಡಿ ಬರೀ ಅಕ್ಷರ ಅಂಕಿ ಸೇರಿದ್ದು, ನಿಮ್ಮ ನಂಬರ್ ಇರಲ್ಲ. ಆಧಾರ್, ಪ್ಯಾನ್, ಪಾಸ್‌ಬುಕ್ ಇಟ್ಕೊಂಡಿರಿ. ದುಡ್ಡು ಬಂದಿದ್ದನ್ನ ಕೂಗೋ ಸೌಂಡ್‌ಬಾಕ್ಸ್‌ಗೆ ತಿಂಗಳ ಬಾಡಿಗೆ ಇರುತ್ತೆ, ಬೇಡ ಅಂದ್ರೆ ಬೇಡ ಅನ್ನಿ. ಅಲ್ಲಿವರೆಗೆ ಆ್ಯಪ್‌ನ ಪ್ರೊಫೈಲ್‌ನಲ್ಲಿ ನಂಬರ್ ಇಲ್ಲದ ಹೊಸ ಯುಪಿಐ ಐಡಿ ಮಾಡಿ, ಅದರ ಕ್ಯೂಆರ್ ಪ್ರಿಂಟ್ ತೆಗೆಸಿ. ಹಳೇದರ ಮೇಲೆ ಅಂಟಿಸಬೇಡಿ, ಹಳೇದನ್ನ ಕಿತ್ತು ಹರಿದುಹಾಕಿ. ವಾಟ್ಸಾಪ್ ಡಿಪಿ ನಿಮ್ಮ ಕಾಂಟ್ಯಾಕ್ಟ್‌ನಲ್ಲಿ ಇರೋರಿಗೆ ಮಾತ್ರ ಕಾಣೋ ಹಾಗೆ ಇಡಿ.

ತರಕಾರಿ ವ್ಯಾಪಾರ, ಮೈಸೂರು
ಬಿಸಿನೆಸ್ ಖಾತೆ ಅಂದ್ರೆ ಯೋಚನೆ ಮಾಡಿ ಅಮ್ಮ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದೇ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದವು. ಎಷ್ಟೋ ಅಂಗಡೀಲಿ "ನಗದು ಮಾತ್ರ" ಅಂತ ಬೋರ್ಡ್ ಬಿತ್ತು. ನಾನಂತೂ ಕಾಸೇ ಕೇಳೋದು.

ವಕೀಲ, ಮಂಡ್ಯ
ಸ್ವಂತ ಕ್ಯೂಆರ್‌ಗೆ ಬಂದ ವ್ಯಾಪಾರದ ದುಡ್ಡೂ ವಹಿವಾಟಿನ ಲೆಕ್ಕಕ್ಕೇ ಸೇರುತ್ತೆ, ಆ ಭಯಕ್ಕೆ ನಂಬರ್ ಹಂಚಿಕೊಂಡು ಕೂರಬೇಡಿ. ಜಿಎಸ್‌ಟಿ ನೋಂದಣಿಗೆ ಮಿತಿ ವರ್ಷಕ್ಕೆ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ. ತಿಂಡಿ ಮಾಡಿ ಬಡಿಸೋದು ಸೇವೆ ಲೆಕ್ಕಕ್ಕೆ ಬರುತ್ತೆ.

ಆ ಒಂದು ರೂಪಾಯಿಯವನ ವಿಷಯ ಮುಖ್ಯ. ಹೆಣ್ಣುಮಗಳು ಬೇಡ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಬೆನ್ನುಬಿದ್ದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅಪರಾಧ, ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು. ಅವನು ಹಾಕಿದ ಪ್ರತಿ ರೂಪಾಯಿಗೂ ಒಂದು ಯುಟಿಆರ್ ಸಂಖ್ಯೆ, ಅಂದ್ರೆ ಆ ಪಾವತಿಯ ಗುರುತಿನ ಸಂಖ್ಯೆ, ಇರುತ್ತೆ, ಅದರಿಂದ ಅವನ ಬ್ಯಾಂಕ್ ಖಾತೆ ಸಿಗುತ್ತೆ. ಏನೂ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ಸೈಬರ್ ಅಪರಾಧ ನೋಡೋ ಸೆನ್ ಪೊಲೀಸ್ ಠಾಣೆಗೆ ಹೋಗಿ.

ಬಜ್ಜಿ ಗಾಡಿ, ಮಂಡ್ಯ
ವಕೀಲರೇ, ಯುಟಿಆರ್ ವಿಷಯ ಗೊತ್ತೇ ಇರಲಿಲ್ಲ, ಎಲ್ಲಾ ತೆಗೆದಿಟ್ಕೊಂಡೆ. ಸೋಮವಾರ ನಾದಿನಿ ಜೊತೆ ಠಾಣೆಗೆ ಹೋಗ್ತೀನಿ. ಮೊದಲಿಂದಲೇ ನಂಬರ್ ಇಲ್ಲದ ಐಡಿ ಕೊಟ್ಟಿದ್ರೆ ಯಾವ ಹೆಂಗಸಿಗೂ ಈ ಕಾಟ ಇರ್ತಿರಲಿಲ್ಲ, ಅದನ್ನ ಆ್ಯಪ್ ಮಾಡೋರಿಗೆ ಬರೆದು ಕಳಿಸ್ತೀನಿ. ಮದ್ದೂರಿನ ತಮ್ಮ, ನನ್ನ ಪ್ಯಾನ್‌ನಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಯಜಮಾನ್ರ ಹೆಸರು ಸೇರಿದೆ. ಬಿಸಿನೆಸ್ ಕ್ಯೂಆರ್‌ಗೆ ಅದು ತೊಡಕಾಗುತ್ತಾ?