ಮೊದಲ ಮರಗೆಲಸದ ಮೇಜು: ಸಿಲ್ವರ್ ಓಕ್ ಸಾಕೇ?

ಕಾಫಿಸೀಮೆ:
ಚಿಕ್ಕಮಗಳೂರಿನ ಹತ್ತಿರ ನಮ್ಮ ತೋಟ. ಕಳೆದ ಮಳೆಗಾಲದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಮರಗಳನ್ನು ಸಾಮಿಲ್‌ನಲ್ಲಿ ಒಂದೂವರೆ ಇಂಚಿನ ಹಲಗೆಗಳಾಗಿ ಕೊಯ್ಯಿಸಿ ಗೋದಾಮಿನಲ್ಲಿ ಅಟ್ಟಿ ಹಾಕಿದ್ದೇವೆ. ನನಗೆ ಮರಗೆಲಸ ಕಲಿಯುವ ಆಸೆ. ಒಂದು ಗರಗಸ, ಹತ್ತರಿ (ಮರದ ಮೈ ಸವರಿ ಸಮ ಮಾಡುವ ಉಪಕರಣ), ಉಳಿಗಳು, ಮೂಲೆಮಟ್ಟ ಇವೆ. ಆದರೆ ಹಳೆಯ ಊಟದ ಮೇಜಿನ ಮೇಲೆ ಹಲಗೆ ಇಟ್ಟು ಹತ್ತರಿ ತಳ್ಳಿದರೆ ಮೇಜೇ ಮುಂದಕ್ಕೆ ಹೋಗುತ್ತದೆ. ಊರಿನ ಬಡಗಿಯವರು, ‘ಈ ಮರ ಬೇಡ ಅಮ್ಮ, ಹಲಸು ತರಿಸಿ’ ಎನ್ನುತ್ತಾರೆ. ಇದರಲ್ಲೇ ಮಾಡಬಹುದೇ? ನನ್ನ ಎತ್ತರ ಐದು ಅಡಿ ಮೂರು ಇಂಚು; ಮೇಜು ಎಷ್ಟು ಎತ್ತರ ಇರಬೇಕು? ಹಲಗೆಯನ್ನು ಬಿಗಿದು ಹಿಡಿಯಲು ಯಾವ ವೈಸ್ ಕೊಳ್ಳಲಿ?

ಮೂರನೇ ಮಹಡಿ:
ನನ್ನದು ಬೆಂಗಳೂರಿನ ಅಪಾರ್ಟ್‌ಮೆಂಟ್. 18 ಮಿ.ಮೀ. ಪ್ಲೈವುಡ್‌ನ ಎಂಟಡಿ–ನಾಲ್ಕಡಿ ಹಾಳೆಯನ್ನು ಅಂಗಡಿಯಲ್ಲೇ ನಾಲ್ಕು ಸಮ ತುಂಡು ಮಾಡಿಸಿ, ಒಂದರ ಮೇಲೊಂದು ಅಂಟಿಸಿದೆ. ನಾಲ್ಕಡಿ ಉದ್ದ, ಎರಡಡಿ ಅಗಲ, 72 ಮಿ.ಮೀ. ದಪ್ಪದ ಹಲಗೆ ಸಿಕ್ಕಿತು. ಬೇಗ ಮುಗಿಯಬೇಕೆಂದರೆ ಇದು ಒಳ್ಳೆಯ ದಾರಿ.

ಆಚಾರಿ ಮನೆ, ಪುತ್ತೂರು:
ಮೇಡಂ, ಮನೆಯಲ್ಲೇ ಮರ ಇರುವಾಗ ಪ್ಲೈವುಡ್ ಕೊಳ್ಳಬೇಡಿ. ನಮ್ಮ ತಂದೆ ಮೇಜನ್ನೇ ಬಳಸಿದವರಲ್ಲ. ನೆಲದ ಮೇಲೆ ಕುಳಿತು, ಕಾಲಿನಿಂದ ಹಲಗೆಯನ್ನು ಒತ್ತಿ ಹಿಡಿದು ಬಾಗಿಲು, ಕಿಟಕಿ, ತೊಟ್ಟಿಲು ಎಲ್ಲವನ್ನೂ ಮಾಡಿದರು. ಆ ಕಾಲು ಮಾಡುತ್ತಿದ್ದ ಕೆಲಸವನ್ನು ನಿಮ್ಮ ಮೇಜು ಮಾಡಬೇಕು: ಹಿಡಿದುಕೊಳ್ಳಬೇಕು, ಅಲ್ಲಾಡಬಾರದು. ಹಣ ಮತ್ತು ಶ್ರಮ ಎರಡನ್ನೂ ಅಲ್ಲಿಗೇ ಹಾಕಿ.

ಸಿಲ್ವರ್ ಓಕ್ ಧಾರಾಳವಾಗಿ ಸಾಕು. ಹತ್ತರಿಗೆ ಸುಲಭವಾಗಿ ಬಗ್ಗುತ್ತದೆ, ಕಲಿಯುವವರಿಗೆ ಅದೇ ಬೇಕು. ನಿಮ್ಮ ಬಡಗಿಯವರು ಹೆದರುವುದು ಕುಟ್ಟೆ ಹುಳುವಿಗೆ ಇರಬೇಕು. ಹಲಗೆಯಲ್ಲಿ ಸೂಜಿ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಅದನ್ನು ಪಕ್ಕಕ್ಕಿಡಿ. ಉಳಿದದ್ದಕ್ಕೆ ಬೋರಾಕ್ಸ್, ಬೋರಿಕ್ ಆಮ್ಲ ಕರಗಿಸಿದ ನೀರು ಬಳಿದು ಚೆನ್ನಾಗಿ ಒಣಗಿಸಿ.

ಮೇಜಿನ ಮೇಲ್ಹಲಗೆಗೆ, ಹಲಗೆಗಳನ್ನು ಮೂರೂವರೆ ಇಂಚಿನ ಪಟ್ಟಿಗಳಾಗಿ ಸೀಳಿಸಿ, ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ, ಮೈಗೆ ಮೈ ಕೂಡಿಸಿ ಅಂಟಿಸಿ. ಅಂಟಿಸುವ ಮುನ್ನ ಪ್ರತಿ ಪಟ್ಟಿಯ ಅಗಲ ಮೈಯನ್ನು ಬೆಳಕಿಗೆ ಹಿಡಿದು, ಮೇಲೆ ಬರುವ ಅಂಚಿನತ್ತ ಎಳೆ ಯಾವ ಕಡೆಗೆ ಏರುತ್ತದೆ ಎಂದು ನೋಡಿ, ಪೆನ್ಸಿಲ್‌ನಿಂದ ಬಾಣ ಹಾಕಿ. ಬಾಣಗಳೆಲ್ಲ ಒಂದೇ ಕಡೆಗಿರಲಿ. ಇಲ್ಲದಿದ್ದರೆ ಮೇಲ್ಮೈ ಸಮ ಮಾಡುವಾಗ ಒಂದು ಪಟ್ಟಿ ನುಣುಪಾಗಿ ಬರುತ್ತದೆ, ಪಕ್ಕದ್ದು ಕಿತ್ತು ಬರುತ್ತದೆ. ಒಮ್ಮೆಗೆ ಮೂರು ನಾಲ್ಕು ಪಟ್ಟಿ ಸಾಕು. ಫೆವಿಕಾಲ್ ಹಚ್ಚಿ ಬಿಗಿದು ರಾತ್ರಿಯಿಡೀ ಬಿಡಿ.

ಎತ್ತರಕ್ಕೆ ಪುಸ್ತಕದ ಅಳತೆ ಬೇಡ. ಚಪ್ಪಲಿ ಹಾಕಿ ನೇರವಾಗಿ ನಿಂತು ಕೈ ಇಳಿಬಿಡಿ; ಮಣಿಕಟ್ಟು ನೆಲದಿಂದ ಎಷ್ಟಿದೆಯೋ ಅಷ್ಟು. ನಿಮಗೆ ಸುಮಾರು 31 ಇಂಚು ಬರಬಹುದು. ಹತ್ತರಿ ತಳ್ಳುವಾಗ ಮೈಭಾರ ಕೆಳಗಿಳಿಯಬೇಕು, ಬರೀ ತೋಳಿನಿಂದ ತಳ್ಳಿದರೆ ಭುಜ ನೋಯುತ್ತದೆ.

ವೈಸ್ ಸದ್ಯಕ್ಕೆ ಬೇಡ. ಕುಲುಮೆಯಲ್ಲಿ ಮುಕ್ಕಾಲು ಇಂಚಿನ ಸರಳನ್ನು ಕೊಕ್ಕಿನಂತೆ ಬಗ್ಗಿಸಿ, ತುದಿಯನ್ನು ಚಪ್ಪಟೆ ಮಾಡಿಸಿ. ಮೇಜಿನಲ್ಲಿ ಅದು ಸಡಿಲವಾಗಿ ಇಳಿಯುವಷ್ಟೇ ತೂತು ಕೊರೆಯಿರಿ. ಮೇಲಿಂದ ಕೊಡತಿಯಲ್ಲಿ ಒಂದು ಪೆಟ್ಟು ಕೊಟ್ಟರೆ ಹಲಗೆಯನ್ನು ಕಚ್ಚಿ ಹಿಡಿಯುತ್ತದೆ. ಹಿಂದಿನಿಂದ ತಟ್ಟಿದರೆ ಬಿಡುತ್ತದೆ.

ಕಾಫಿಸೀಮೆ:
ತುಂಬಾ ಧನ್ಯವಾದ. ಮರ ಹಗುರ, ಮೇಜು ಮತ್ತೆ ಜರುಗುವುದಿಲ್ಲವೇ? ಮೇಲ್ಹಲಗೆಯನ್ನು ಕಾಲಿಗೆ ಅಂಟಿಸಿಬಿಡಲೇ?

ಆಚಾರಿ ಮನೆ, ಪುತ್ತೂರು:
ಅಂಟಿಸಲೇಬೇಡಿ! ನಿಮ್ಮ ಕಡೆಯ ಮಳೆಗೆ ಮರ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಟ್ಟಿಹಾಕಿದರೆ ಸೀಳುವುದು ಖಂಡಿತ. ಕಾಲುಗಳ ಮೇಲಿನ ಅಡ್ಡ ತೊಲೆಗೆ ಮೇಲ್ಹಲಗೆಯನ್ನು ಬೋಲ್ಟ್‌ನಿಂದ ಕೂಡಿಸಿ; ನಡುವಿನ ಬೋಲ್ಟ್ ಮಾತ್ರ ಬಿಗಿಯಾಗಿರಲಿ, ಅಂಚಿನವುಗಳ ತೂತನ್ನು ಮೇಜಿನ ಅಗಲದ ದಿಕ್ಕಿಗೆ ಉದ್ದ ಮಾಡಿ.

ಜರುಗದಿರಲು ಕಾಲುಗಳ ನಡುವೆ ಉದ್ದಕ್ಕೆ ಆರಿಂಚು ಅಗಲದ ಪಟ್ಟಿ ಕೊಡಿ; ಹತ್ತರಿ ತಳ್ಳುವುದು ಆ ದಿಕ್ಕಿಗೇ. ಆ ಪಟ್ಟಿಗಳ ಮೇಲೆ ಹಲಗೆ ಹಾಸಿ ಎರಡು ಮೂಟೆ ಮರಳು ಇಡಿ. ಮೇಲ್ಮೈ ಸಮ ಮಾಡುವುದನ್ನು ಮಳೆ ನಿಂತ ಮೇಲೆ ಇಟ್ಟುಕೊಳ್ಳಿ. ಎರಡು ತುದಿಗೂ ನೇರವಾದ ಒಂದೊಂದು ಪಟ್ಟಿಯನ್ನು ಅಡ್ಡಲಾಗಿಟ್ಟು, ಬಗ್ಗಿ ಒಂದು ಕಣ್ಣಿನಿಂದ ನೋಡಿದರೆ ತಿರುಚು ಎಲ್ಲಿದೆ ಎಂದು ತಿಳಿಯುತ್ತದೆ. ಕಾಲುಗಳು ನಿಂತ ಮೇಲೆ ಫೋಟೊ ಹಾಕಿ, ಕೀಲುಗಳನ್ನು ನೋಡಿ ಹೇಳುತ್ತೇನೆ.