ಸಹಾಯ ಬೇಕು: ಹಿರಿಯರ ವಸತಿ ಸಮುಚ್ಚಯದಲ್ಲಿ ತುರ್ತು ಆರೈಕೆಯ ಕುರಿತು

ಎಲ್ಲರಿಗೂ ನಮಸ್ಕಾರ. ಹಿರಿಯರ ವಸತಿ ಸಮುಚ್ಚಯವೊಂದರಲ್ಲಿ ಅಮ್ಮನೊಂದಿಗೆ ವಾಸವಾಗಿರುವ ನನ್ನ 81 ವರ್ಷದ ತಂದೆಯವರಿಗೆ ಕಳೆದ ತಿಂಗಳು ಬೆಳಗಿನ ಜಾವ ಪಾರ್ಶ್ವವಾಯು ಬಡಿಯಿತು. ಮಾತು ತೊದಲಿ, ಕೈಯಲ್ಲಿದ್ದ ನೀರಿನ ಲೋಟ ಜಾರಿದ್ದನ್ನು ಕಂಡ ಅಮ್ಮ ಕೂಡಲೇ ಕರೆಗಂಟೆ ಒತ್ತಿದರೂ ಸಿಬ್ಬಂದಿ ಬರಲು 40 ನಿಮಿಷ ಹಿಡಿಯಿತು. ರಕ್ತನಾಳದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ 4.5 ಗಂಟೆಯೊಳಗೆ ಕೊಡಬೇಕಾಗಿರುವುದರಿಂದ, ಆ 40 ನಿಮಿಷ ನನ್ನನ್ನು ಇಂದಿಗೂ ಕಾಡುತ್ತಿದೆ. ಅಪ್ಪ ಚೇತರಿಸಿಕೊಳ್ಳುತ್ತಿದ್ದಾರೆ. ಆದರೆ ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನವೂ, ಮರೆವಿನ ಕಾಯಿಲೆ ಶುರುವಾಗಿರುವ ಅಮ್ಮ ಒಬ್ಬರೇ ಬಾಗಿಲ ಬಳಿ ಕಾಯುತ್ತಾ ಕೂರುತ್ತಿದ್ದರು ಎಂಬುದು ನನಗೆ ಇನ್ನೂ ಹೆಚ್ಚಿನ ಸಂಕಟ ತಂದಿದೆ.

ರಾತ್ರಿ ಪಾಳಿಯಲ್ಲಿ ನರ್ಸ್ ಇರಬೇಕೆಂಬುದನ್ನು ಒಪ್ಪಂದದಲ್ಲಿ ಬರೆಸಿಕೊಂಡವರು, ಹಾಗೆಯೇ ದಂಪತಿಯಲ್ಲಿ ಒಬ್ಬರಿಗೆ ಮಾತ್ರ ಶುಶ್ರೂಷಾ ವಿಭಾಗ ಅಗತ್ಯವಾದಾಗ ಇನ್ನೊಬ್ಬರನ್ನು ಹತ್ತಿರದಲ್ಲೇ ಇರಿಸಲು ವ್ಯವಸ್ಥೆ ಮಾಡಿಕೊಂಡವರು ಇಲ್ಲಿದ್ದರೆ, ದಯವಿಟ್ಟು ತಮ್ಮ ಅನುಭವ ತಿಳಿಸಬೇಕಾಗಿ ವಿನಂತಿ.