ಬೆಳಗಾವಿಯ ಕರಿಕಲ್ಲು ಡೈನೋಸಾರ್‌ಗಳನ್ನು ಕೊಂದಿತೇ? ಭೂವಿಜ್ಞಾನ ಹಳೆ ವಿದ್ಯಾರ್ಥಿಗಳ ಗುಂಪಿನಲ್ಲಿ ಒಂದು ಜಗಳ

*ಬಸವರಾಜ, ಬೆಳಿಗ್ಗೆ 7:12*
(ಫಾರ್ವರ್ಡ್ ಆಗಿದ್ದು) ಡೈನೋಸಾರ್‌ಗಳನ್ನು ಕೊಂದದ್ದು ಆಕಾಶದಿಂದ ಬಿದ್ದ ಕಲ್ಲಲ್ಲ, ನಮ್ಮ ದಖ್ಖನ್ನಿನ ಲಾವಾ! ವಿಜ್ಞಾನಿಗಳೆಲ್ಲ ಒಪ್ಪಿದ್ದಾರೆ. ಫೋಟೊದಲ್ಲಿರುವುದು ಬೆಳಗಾವಿ ಹತ್ತಿರದ ಕ್ವಾರಿ. ಆ ಮಹಾವಿನಾಶದ ಕಲ್ಲು ಇದೇ. ಪ್ರತಿಯೊಬ್ಬ ಕನ್ನಡಿಗನಿಗೂ ಕಳಿಸಿ.

*ಸುಮಾ, 7:31*
ಬಸು, ಬೇರೆ ಗುಂಪಾಗಿದ್ರೆ ಸುಮ್ಮನಿರ್ತಿದ್ದೆ. ಇದು ಭೂವಿಜ್ಞಾನ ಓದಿದವರ ಗುಂಪು. "ಎಲ್ಲ ಒಪ್ಪಿದ್ದಾರೆ" ಅನ್ನೋದು ಶುದ್ಧ ಸುಳ್ಳು.

*ಬಸವರಾಜ, 7:40*
ಒಪ್ಪ್ಯಾರ ಅನ್ನೋದು ಹೆಚ್ಚಾತು, ಖರೆ ಸುಮಕ್ಕಾ. ಆದ್ರ ವಾದ ಸುಳ್ಳಲ್ಲ. ಇವತ್ತಿಗೂ ಆ ಲಾವಾ 5 ಲಕ್ಷ ಚದರ ಕಿ.ಮೀ. ಹಾಸಿಕೊಂಡೈತಿ. ಸವೆದು ಹೋದದ್ದೂ ಸೇರಿಸಿದ್ರ 10 ಲಕ್ಷ ಘನ ಕಿ.ಮೀ. ದಾಟತೈತಿ. ಅದರ ಜೋಡಿ ಬಂದ ಗಂಧಕದ ಅನಿಲ, ಇಂಗಾಲದ ಡೈಆಕ್ಸೈಡ್ ಸುಮ್ಮನ ಹೋಗಿಲ್ಲ. ಭೂಚರಿತ್ರಿಯ ಪರ್ಮಿಯನ್ ಯುಗದ ಕೊನಿಗೆ ಸೈಬೀರಿಯಾದ ಲಾವಾ, ಟ್ರಯಾಸಿಕ್ ಕೊನಿಗೆ ಅಟ್ಲಾಂಟಿಕ್ ಅಂಚಿನ ಲಾವಾ. ಆ ಎರಡೂ ವಿನಾಶಕ್ಕ ಲಾವಾನ ಕಾರಣ ಅಂತ ನೀವ ಹೇಳ್ತೀರಿ. ಡೈನೋಸಾರ್ ಅಳಿದ ಕ್ರಿಟೇಷಿಯಸ್ ಯುಗದ ಕೊನಿಗೆ ಮಾತ್ರ ಅದನ್ನ ಯಾಕ ಬಿಡಬೇಕು?

*ಸುಮಾ, 7:58*
ಅಲ್ಲಿ ಸಿಗದ ಸಾಕ್ಷಿ ಇಲ್ಲಿ ಸಿಕ್ಕಿದೆ, ಅದಕ್ಕೇ. ಇಟಲಿಯ ಗುಬ್ಬಿಯೋ ಕಣಿವೆಯಲ್ಲಿ ಸುಣ್ಣಕಲ್ಲಿನ ಎರಡು ಪದರದ ನಡುವೆ ಸುಮಾರು 1 ಸೆಂ.ಮೀ. ಜೇಡಿ ಇದೆ, ಕ್ರಿಟೇಷಿಯಸ್ ಮುಗಿದ ಸೀಮೆ ಅದೇ. ಕೆಳಗಿನ ಸುಣ್ಣಕಲ್ಲಲ್ಲಿ ಫೊರಾಮಿನಿಫೆರಾ ಅನ್ನೋ ಏಕಕೋಶ ಸಮುದ್ರಜೀವಿಗಳ ಚಿಪ್ಪುಗಳು ಕೈಮಸೂರದಲ್ಲೇ ಕಾಣುವಷ್ಟು ದೊಡ್ಡವು. ಜೇಡಿ ದಾಟಿ ಮೇಲೆ ಬಂದರೆ ಅವು ಇಲ್ಲ, ಪುಡಿಯಂಥ ಸಣ್ಣ ಜಾತಿಗಳು ಮಾತ್ರ. ಲೂಯಿಸ್ ಮತ್ತು ವಾಲ್ಟರ್ ಆಲ್ವಾರೆಝ್, ಫ್ರಾಂಕ್ ಅಸಾರೊ, ಹೆಲೆನ್ ಮಿಚೆಲ್ ಆ ಜೇಡಿಯಲ್ಲಿ ಇರಿಡಿಯಂ (ಭೂಮಿಯ ಮೇಲ್ಪದರದಲ್ಲಿ ಅಪರೂಪ, ಉಲ್ಕೆಗಳಲ್ಲಿ ಹೆಚ್ಚಿರೋ ಲೋಹ) ಅಳೆದು 1980ರಲ್ಲಿ ಪ್ರಕಟಿಸಿದರು. ಸುತ್ತಲಿನ ಕಲ್ಲಿಗಿಂತ ಗುಬ್ಬಿಯೋದಲ್ಲಿ 30 ಪಟ್ಟು, ಡೆನ್ಮಾರ್ಕಿನ ಸ್ಟೆವನ್ಸ್ ಕ್ಲಿಂಟಲ್ಲಿ 160 ಪಟ್ಟು. 30 ಪಟ್ಟು ಅಂದರೂ ನೂರು ಕೋಟಿ ಭಾಗಕ್ಕೆ 9 ಭಾಗ ಅಷ್ಟೇ.

ಅಷ್ಟು ಕಡಿಮೆ ಅಳೆಯೋದು ಹೇಗೆ ಅಂದರೆ, ಪುಡಿ ಮಾಡಿದ ಮಾದರಿಯನ್ನ ರಿಯಾಕ್ಟರಿನಲ್ಲಿ ನ್ಯೂಟ್ರಾನ್‌ಗೆ ಒಡ್ಡಬೇಕು. ಇರಿಡಿಯಂ-191 ಒಂದು ನ್ಯೂಟ್ರಾನ್ ಹಿಡಿದು ಇರಿಡಿಯಂ-192 ಆಗುತ್ತೆ. ಅದರ ಅರ್ಧಾಯು ಸುಮಾರು 74 ದಿನ. ಸೋಡಿಯಂನಂಥ ಬೇಗ ಕ್ಷಯಿಸುವ ಧಾತುಗಳ ಗದ್ದಲ ಅಡಗುವವರೆಗೆ ವಾರಗಟ್ಟಲೆ ಕಾದು, ಆಮೇಲೆ ಅದರ ಗಾಮಾ ಕಿರಣ ಎಣಿಸಬೇಕು. ಪ್ಲಾಟಿನಂ ಉಂಗುರ ಹಾಕಿಕೊಂಡು ಮಾದರಿ ಮುಟ್ಟಿದರೂ ಕೆಟ್ಟಿತು. ಆಭರಣದ ಪ್ಲಾಟಿನಂಗೆ ಇರಿಡಿಯಂ ಬೆರೆಸಿರ್ತಾರೆ.

*ಬಸವರಾಜ, 8:05*
ಇರಿಡಿಯಂ ಜ್ವಾಲಾಮುಖಿಯಿಂದನೂ ಬರತೈತಿ. 1983ರಾಗ ಹವಾಯಿಯ ಕಿಲಾವೆಯಾ ಹೊಗಿಯೊಳಗ ಸಿಕ್ಕೈತಿ.

*ಸುಮಾ, 8:14*
ಬರುತ್ತೆ, ಒಪ್ಪಿದೆ. ಇರಿಡಿಯಂ ಒಂದೇ ಇದ್ದಿದ್ದರೆ ನಿನ್ನ ಆಕ್ಷೇಪಕ್ಕೆ ನಾನೂ ತಲೆಬಾಗ್ತಿದ್ದೆ. ಆದರೆ ಅದೇ ಪದರದಲ್ಲಿ ಪೆಟ್ಟು ತಿಂದ ಕ್ವಾರ್ಟ್ಸ್ (ಬೆಣಚುಕಲ್ಲಿನ ಕಣ) ಇದೆ. ತೆಳುಛೇದ ಮಾಡಿ ಸೂಕ್ಷ್ಮದರ್ಶಕದ ಕೆಳಗೆ ತಿರುಗಿಸು: ಒಂದೇ ಕಣದೊಳಗೆ ರೂಲರಿನಲ್ಲಿ ಎಳೆದ ಹಾಗೆ ಸಮಾನಾಂತರ ಗೆರೆಗಳ ಕಂತೆ, ಅದನ್ನು ಅಡ್ಡ ಕತ್ತರಿಸೋ ಇನ್ನೊಂದು ಕಂತೆ. ಅಂಥ ಗೆರೆ ಮೂಡೋಕೆ ವಾತಾವರಣದ ಒತ್ತಡದ ಲಕ್ಷ ಪಟ್ಟಿನ ಆಸುಪಾಸು ಬೇಕು, ಅದೂ ಕ್ಷಣದಲ್ಲಿ. ಹರಿಯೋ ಲಾವಾಗೆ ಆ ಶಕ್ತಿ ಇಲ್ಲ. ಅಲ್ಲದೆ ದಖ್ಖನ್ ಬಸಾಲ್ಟಿನಲ್ಲಿ (ಲಾವಾ ಆರಿ ಆದ ಕರಿಕಲ್ಲು) ಸ್ವಂತ ಕ್ವಾರ್ಟ್ಸೇ ಇಲ್ಲವೆನ್ನುವಷ್ಟು ಕಡಿಮೆ. ಬಂಡೆಯ ಪೊಳ್ಳಿನಲ್ಲಿ ಕಾಣೋ ಬಿಳಿ ಹರಳು ಆಮೇಲೆ ನೀರಿನಿಂದ ಕೂತದ್ದು.

ಇನ್ನು ಪೆಟ್ಟು ಬಿದ್ದ ಜಾಗ. ಮೆಕ್ಸಿಕೊದ ಯುಕಟಾನ್ ಅಂಚಿನಲ್ಲಿ ತೈಲ ಹುಡುಕುವ ಸಮೀಕ್ಷೆಯಲ್ಲಿ ಗ್ಲೆನ್ ಪೆನ್‌ಫೀಲ್ಡ್, ಆಂಟೋನಿಯೊ ಕಮಾರ್ಗೊ ಕಂಡ ವೃತ್ತ, 1991ರಲ್ಲಿ ಹಿಲ್ಡೆಬ್ರಾಂಡ್ ಜೊತೆಗಿನ ಪ್ರಬಂಧದಿಂದ ಚಿಕ್ಷುಲುಬ್ ಕುಳಿ ಅಂತ ಗಟ್ಟಿಯಾಯಿತು. ಅಡ್ಡಳತೆ ಸುಮಾರು 180 ಕಿ.ಮೀ. ಯುಕಟಾನ್ ಕಡೆ ಹೋದಷ್ಟೂ ಇರಿಡಿಯಂ ಇರೋ ಆ ಸೀಮಾಪದರ ದಪ್ಪ, ದೂರ ಬಂದಷ್ಟೂ ತೆಳು. ಇದಕ್ಕಿಂತ ಬೇರೆ ಗುರುತು ಏನು ಬೇಕು?

*ಬಸವರಾಜ, 8:20*
ಕಲ್ಲು ಬಿದ್ದಿಲ್ಲ ಅಂತ ನಾ ಎಲ್ಲಿ ಅಂದೆ? ಬಿತ್ತು. ಆದ್ರ ಒಂದು ಕುಳಿ ಇಡೀ ಭೂಮಿ ಮ್ಯಾಲಿನ ಜಾತಿಗಳ ಮುಕ್ಕಾಲು ಪಾಲು ಹೆಂಗ ಅಳಿಸಿತು? ಜರ್ಮನಿ ರೀಸ್ ಕುಳಿ 24 ಕಿ.ಮೀ. ಐತಿ, ಅದರಿಂದ ಜಗತ್ತಿನ ವಿನಾಶ ಆಗಲಿಲ್ಲಲ್ಲ.

*ಸುಮಾ, 8:37*
24 ಕಿ.ಮೀ. ಕುಳಿಯನ್ನೂ 180 ಕಿ.ಮೀ. ಕುಳಿಯನ್ನೂ ಒಂದೇ ತಕ್ಕಡಿಗೆ ಹಾಕಬೇಡ, ಶಕ್ತಿಯ ವ್ಯತ್ಯಾಸ ನೂರಾರು ಪಟ್ಟು. ಗಾತ್ರಕ್ಕಿಂತ ಮುಖ್ಯ, ಬಿದ್ದ ಜಾಗ. ಅಲ್ಲಿ ಸುಣ್ಣಕಲ್ಲಿನ ಜೊತೆ ಗಂಧಕ ಇರೋ ಜಿಪ್ಸಂ, ಅನ್‌ಹೈಡ್ರೈಟ್ ಪದರಗಳು ಕಿ.ಮೀ. ಲೆಕ್ಕದಲ್ಲಿ ದಪ್ಪ. 2016ರಲ್ಲಿ ಕುಳಿಯ ಒಳವರ್ತುಲದ ಮೇಲೆ ಕೊರೆದು, ಸಮುದ್ರತಳದಿಂದ 1,300 ಮೀಟರಿಗೂ ಕೆಳಗಿನವರೆಗೆ ಕಲ್ಲಿನ ಕಂಬ ತೆಗೆದರು. ಕರಗಿದ ಕಲ್ಲು, ಒಡೆದ ಚೂರು ಸೇರಿ ಸುಮಾರು 130 ಮೀಟರ್ ದಪ್ಪ ಒಂದೇ ದಿನದೊಳಗೆ ಕೂತಿದೆ. ಸುತ್ತಲಿನ ಬಂಡೆಯಲ್ಲಿ ಧಾರಾಳವಾಗಿರೋ ಜಿಪ್ಸಂ ಆ ಚೂರುಗಳಲ್ಲಿ ಹೆಚ್ಚುಕಡಿಮೆ ಕಾಣೆ. ಆವಿಯಾಗಿ ಮೇಲಕ್ಕೆ ಹೋಗಿದೆ. ವಾಯುಮಂಡಲದ ಮೇಲುಪದರಕ್ಕೆ ಹೋದ ಗಂಧಕ ಸಲ್ಫೇಟ್ ಹನಿಯಾಗಿ ವರ್ಷಗಟ್ಟಲೆ ಬಿಸಿಲು ತಡೆಯುತ್ತೆ. ಅದಕ್ಕೆ ಕಾಡು ಸುಟ್ಟ ಮಸಿ, ಸಣ್ಣ ಸಿಲಿಕೇಟ್ ಧೂಳು ಸೇರಿಸು. 2023ರ ಒಂದು ಮಾದರಿ ಲೆಕ್ಕದಲ್ಲಿ ದ್ಯುತಿಸಂಶ್ಲೇಷಣೆ ಸುಮಾರು ಎರಡು ವರ್ಷ ನಿಂತಿದೆ. ಸಮುದ್ರದ ಪಾಚಿ ಸಾಯೋಕೆ ಎರಡು ವರ್ಷ ಬೇಡ, ವಾರಗಳು ಸಾಕು.

*ರಝಿಯಾ, 8:52*
ಈ ಸರಪಳಿಯ ಕೊನೆ ಕೊಂಡಿ ಪಳೆಯುಳಿಕೆಗಳಲ್ಲೇ ಇದೆ. ಹಸಿರು ಸೊಪ್ಪು ತಿನ್ನೋದು, ಅದನ್ನು ತಿನ್ನೋದನ್ನ ತಿನ್ನೋದು, ಇವೆಲ್ಲ ಹೋದವು. ಕೊಳೆತ ಎಲೆ, ಹುಳ, ಬೀಜದ ಮೇಲೆ ಬದುಕೋವು, ಸಿಹಿನೀರಲ್ಲಿ ಇರೋವು ಉಳಿದವು: ಆಮೆ, ಮೊಸಳೆ, ಬಿಲದ ಸಸ್ತನಿ, ನೆಲದ ಮೇಲಿನ ಸಣ್ಣ ಹಕ್ಕಿ. ನ್ಯೂ ಮೆಕ್ಸಿಕೊದ ರಾಟನ್ ಬೇಸಿನ್ನಿನಲ್ಲಿ ಇರಿಡಿಯಂ ಪದರದ ಮೇಲೆಯೇ ಪರಾಗ ಕುಸಿದು ಜರೀಗಿಡದ ಬೀಜಕಗಳು ತುಂಬಿಕೊಂಡಿವೆ. ಸುಟ್ಟ ಗುಡ್ಡದಲ್ಲಿ ಮೊದಲು ಚಿಗುರೋದು ಜರೀಗಿಡ.

*ಬಸವರಾಜ, 9:01*
ರಝಿಯಾ, ಡೈನೋಸಾರ್ ಮೊದಲ ಸೊರಗಿದ್ವು ಅಂತ 2016ರಾಗ ಒಂದು ಲೆಕ್ಕ ಬಂದಿತ್ತಲ್ಲ? ಹೊಸ ಜಾತಿ ಹುಟ್ಟೋದಕ್ಕಿಂತ ಅಳಿಯೋದು ಹೆಚ್ಚಾಗಿತ್ತು ಅಂತ.

*ರಝಿಯಾ, 9:15*
ಬಂದಿತ್ತು. ಅದು ವಂಶವೃಕ್ಷದ ಮೇಲೆ ಮಾಡಿದ ಸಂಖ್ಯಾಶಾಸ್ತ್ರ, ಅಡಗಿರೋ ತೊಂದರೆ ಕಲ್ಲಿನದು. ಕ್ರಿಟೇಷಿಯಸ್ ಕೊನೆಗೆ ಉತ್ತರ ಅಮೆರಿಕದ ಒಳಸಮುದ್ರ ಹಿಂದೆ ಸರಿಯಿತು, ಮೂಳೆ ಹೂತುಕೊಳ್ಳೋ ಮೆಕ್ಕಲು ಬಯಲು ಕಡಿಮೆಯಾಯಿತು. ಕಲ್ಲು ಕಡಿಮೆ ಅಂದರೆ ಮೂಳೆ ಕಡಿಮೆ. ಮೂಳೆ ಕಡಿಮೆ ಅಂದರೆ ಪ್ರಾಣಿ ಕಡಿಮೆ ಅಲ್ಲ. ಅಪರೂಪದ ಪ್ರಾಣಿಯ ಕೊನೇ ಮೂಳೆ ಯಾವಾಗಲೂ ಅದರ ನಿಜವಾದ ಕೊನೆಗಿಂತ ಕೆಳಗೇ ಸಿಗುತ್ತೆ. ಅಂದರೆ ಹಠಾತ್ ಸಾವು ಕೂಡ ಪಳೆಯುಳಿಕೆಯಲ್ಲಿ ನಿಧಾನದ ಸಾವಿನ ಹಾಗೆ ಕಾಣುತ್ತೆ. ಸೀಮಾಪದರದ ಕೆಳಗೆ 3 ಮೀಟರ್ ಮೂಳೆಯೇ ಇಲ್ಲ ಅಂತ ಬಹಳ ಕಾಲ ವಾದ ಮಾಡಿದ್ರು. 2011ರಲ್ಲಿ ಮೊಂಟಾನಾದಲ್ಲಿ ಕೊಂಬಿನ ಡೈನೋಸಾರಿನ ಹುಬ್ಬುಕೊಂಬು ಸೀಮೆಯ ಕೆಳಗೆ 13 ಸೆಂ.ಮೀ. ಒಳಗೆ ಸಿಕ್ಕಿತು.

ನಮ್ಮ ದೇಶದ ಮಾತಿಗೂ ಬಾ. ಜಬಲ್ಪುರ, ಬಾಲಾಸಿನೋರ್, ನರ್ಮದಾ ಕಣಿವೆಯ ಲಮೇಟಾ ಪದರಗಳಲ್ಲಿ ಟೈಟಾನೋಸಾರ್ (ಉದ್ದ ಕತ್ತಿನ ದೈತ್ಯ ಡೈನೋಸಾರ್) ಮೊಟ್ಟೆಗೂಡು ಸಾಲುಸಾಲು. 2023ರ ಒಂದೇ ಪ್ರಬಂಧದಲ್ಲಿ 92 ಗೂಡು, 256 ಮೊಟ್ಟೆ. ಕಚ್ಛಿನ ಅಂಜಾರಿನಲ್ಲಿ ಲಾವಾ ಪದರಗಳ *ನಡುವಿನ* ಮಣ್ಣಿನಲ್ಲೇ ಡೈನೋಸಾರ್ ಮೂಳೆ, ಮೊಟ್ಟೆಚಿಪ್ಪು ಸಿಕ್ಕಿವೆ. ಅಂದರೆ ಲಾವಾ ಬಂತು, ನಿಂತಿತು, ಕೆರೆ ತುಂಬಿತು, ಡೈನೋಸಾರ್ ವಾಪಸ್ ಬಂದು ಮೊಟ್ಟೆ ಇಟ್ಟವು. ಜ್ವಾಲಾಮುಖಿಯ ಮನೆಬಾಗಿಲಲ್ಲೇ ಬದುಕಿದವು ಮೊಂಟಾನಾದಲ್ಲಿ ಅದೇ ಹೊಗೆಗೆ ಸತ್ತವು ಅಂತೀಯಾ?

*ಬಸವರಾಜ, 9:24*
ಅದು ಮೊದಮೊದಲಿನ ಲಾವಾ. ನಾ ಹೇಳೋದು ಆಮ್ಯಾಲಿನ ಪೋಲಾದಪುರ ಹಂತದ ಲಾವಾದ್ದು. ಆ ದೊಡ್ಡ ಹೊಳಿ ಕಲ್ಲು ಬೀಳೋದಕ್ಕ ಹತ್ತಾರು ಸಾವಿರ ವರ್ಷ ಮೊದಲ ಶುರುವಾತು ಅಂತ 2019ರಾಗ ಪ್ರಿನ್ಸ್‌ಟನ್ನಿನವರು ಜಿರ್ಕಾನ್ ಹರಳಿನ ವಯಸ್ಸಿನ ಮ್ಯಾಲೆ ತೋರ್ಸ್ಯಾರ. ಅನಂತ, ನಿನ್ನ ವಿಷಯ ಇದು, ಮಾತಾಡು.

*ಅನಂತ, 9:50*
ತೋರಿಸಿದ್ದಾರೆ. ಆದರೆ ಅದೇ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಬರ್ಕ್ಲಿಯವರ ಆರ್ಗಾನ್ ಕಾಲಮಾಪನವೂ (ಕಲ್ಲಿನ ಪೊಟ್ಯಾಸಿಯಂ ಕ್ಷಯಿಸಿ ಆದ ಆರ್ಗಾನಿನಿಂದ ವಯಸ್ಸು ಲೆಕ್ಕ ಹಾಕೋದು) ಬಂತು. ಅವರ ಪ್ರಕಾರ ಲಾವಾದ ಸುಮಾರು ಮುಕ್ಕಾಲು ಪಾಲು ಸೀಮೆಯ *ನಂತರ* ಬಂದದ್ದು. ಎರಡೂ ಒಳ್ಳೆ ಕೆಲಸ. ಎಲ್ಲಿ ತಪ್ಪಬಹುದು ಅನ್ನೋದನ್ನ ನೋಡಬೇಕು.

ಬಸಾಲ್ಟಿನಲ್ಲಿ ಜಿರ್ಕಾನ್ ಸಿಗೋದಿಲ್ಲ ಅನ್ನಬಹುದು. ಹಾಗಾಗಿ ಎರಡು ಲಾವಾ ಹಾಸಿನ ನಡುವಿನ ಇಟ್ಟಿಗೆ ಕೆಂಪಿನ ಮಣ್ಣಿನ ಪದರ ಹಿಡೀತಾರೆ. ಉಗುರಲ್ಲಿ ಕೆರೆದರೆ ಉದುರುತ್ತೆ, ನಾಲಿಗೆಗೆ ಅಂಟುತ್ತೆ. ಅದರೊಳಗೆ ಬೇರೆ ಸಿಲಿಕಾ ಜ್ವಾಲಾಮುಖಿಯ ಬೂದಿ ಗಾಳಿಯಲ್ಲಿ ಬಂದು ಸೇರಿರುತ್ತೆ, ಜಿರ್ಕಾನ್ ಅದರದು. ಮಣ್ಣನ್ನ ನೀರಲ್ಲಿ ಕಲಸಿ ಜೇಡಿ ತೇಲಿಸಿ ಚೆಲ್ಲಬೇಕು, ಉಳಿದದ್ದನ್ನ ಆಯಸ್ಕಾಂತಕ್ಕೆ, ಆಮೇಲೆ ಭಾರದ್ರವಕ್ಕೆ ಹಾಕಬೇಕು. ತಳಕ್ಕಿಳಿದ ಕಣಗಳಲ್ಲಿ ಚೂಪುತುದಿಯ ಹರಳನ್ನ ಚಿಮಟದಲ್ಲಿ ಒಂದೊಂದೇ ಆರಿಸಬೇಕು. ಕಾಯಿಸಿ, ಆಮ್ಲದಲ್ಲಿ ಕೆಟ್ಟ ಭಾಗ ಕರಗಿಸಿ, ಉಳಿದ ಗಟ್ಟಿ ಭಾಗದ ಯುರೇನಿಯಂ, ಅದು ಕ್ಷಯಿಸಿ ಆದ ಸೀಸ ಅಳೆಯಬೇಕು. ನಿಖರತೆ ಹತ್ತಾರು ಸಾವಿರ ವರ್ಷದವರೆಗೆ ಸಿಗುತ್ತೆ. ಅಪಾಯ ಏನಪ್ಪಾ ಅಂದ್ರೆ, ಆ ಮಣ್ಣಿಗೆ ಹಳೇ ಬೂದಿಯೂ ಕೊಚ್ಚಿಕೊಂಡು ಬಂದಿರಬಹುದು. ಅತಿ ಕಿರಿಯ ಹರಳು ಕೈಗೆ ಸಿಗದಿದ್ದರೆ ಲಾವಾ ಇದ್ದದ್ದಕ್ಕಿಂತ ಹಳೇದಾಗಿ ಕಾಣುತ್ತೆ. ಅಂದರೆ ತಪ್ಪು ಆದರೆ ನಿನ್ನ ವಾದದ ಕಡೆಗೇ ಆಗುತ್ತೆ, ಬಸು.

ಆರ್ಗಾನ್ ವಿಧಾನ ಲಾವಾದ ಪ್ಲೇಜಿಯೊಕ್ಲೇಸ್ ಖನಿಜವನ್ನೇ ನೇರ ಅಳೆಯುತ್ತೆ, ಅದು ಅದರ ಬಲ. ಆದರೆ ದಖ್ಖನ್ ಬಸಾಲ್ಟಿನಲ್ಲಿ ಪೊಟ್ಯಾಸಿಯಂ ಕಡಿಮೆ, ಹಾಗಾಗಿ ಒಂದೊಂದು ವಯಸ್ಸಿನ ದೋಷ ಜಿರ್ಕಾನಿಗಿಂತ ದೊಡ್ಡದು.

*ಬಸವರಾಜ, 9:58*
ಹಂಗಾದ್ರ ಯಾವುದೂ ತೀರ್ಮಾನ ಆಗಿಲ್ಲ.

*ಅನಂತ, 10:06*
ಲಾವಾ ಯಾವಾಗ ಎಷ್ಟು ಬಂತು ಅನ್ನೋದು ತೀರ್ಮಾನ ಆಗಿಲ್ಲ. ಅದರ ಅನಿಲ ಹವಾಮಾನಕ್ಕೆ ಏನು ಮಾಡಿತು ಅನ್ನೋದನ್ನ ಲಾವಾದಲ್ಲೇ ಹುಡುಕಬೇಕಿಲ್ಲ, ಸಮುದ್ರತಳದಲ್ಲಿ ನೋಡಬಹುದು. 2020ರಲ್ಲಿ ಹಲ್ ಮತ್ತು ಸಂಗಡಿಗರು ಹಲವು ಸಾಗರಗಳ ಉಷ್ಣತೆಯ ದಾಖಲೆ ಜೋಡಿಸಿದರು. ಸೀಮೆಗೆ ಮುಂಚೆ ಸುಮಾರು 2 ಡಿಗ್ರಿ ಬಿಸಿ ಏರಿತ್ತು, ಕಲ್ಲು ಬೀಳೋ ಹೊತ್ತಿಗೆ ಇಳಿದು ಮೊದಲಿನ ಮಟ್ಟಕ್ಕೆ ಬಂದಿತ್ತು. 2024ರಲ್ಲಿ ಅಮೆರಿಕದ ಹಳೇ ಪೀಟ್ (ಜೌಗಿನಲ್ಲಿ ಅರೆಕೊಳೆತ ಸಸ್ಯ) ಪದರಗಳಲ್ಲಿ ಇನ್ನೊಂದು ಸಿಕ್ಕಿತು: ಸೀಮೆಗೆ ಸುಮಾರು 30,000 ವರ್ಷ ಮುಂಚೆ 5 ಡಿಗ್ರಿಯಷ್ಟು ತಂಪು, ಹತ್ತು ಸಾವಿರ ವರ್ಷದಲ್ಲಿ ಚೇತರಿಕೆ. ಎರಡೂ ಸಲ ಡೈನೋಸಾರ್ ಉಳಿದವು. ಲಾವಾ ಹವಾಮಾನ ಅಲ್ಲಾಡಿಸಿತು, ನಿಜ. ಆದರೆ ಜಾತಿಗಳು ಅಳಿದದ್ದು ಆ ಅಲ್ಲಾಟದಲ್ಲಿ ಅಲ್ಲ, ಇರಿಡಿಯಂ ಇರೋ ಅದೇ ಸೆಂ.ಮೀ.ನಲ್ಲಿ.

*ಸುಮಾ, 10:09*
👆 ಇದನ್ನೇ ಹೇಳೋಕೆ ಬೆಳಿಗ್ಗೆಯಿಂದ ಒದ್ದಾಡ್ತಿದ್ದೆ.

*ಅನಂತ, 10:21*
ಇನ್ನೊಂದು, ಆ ಫೋಟೊ. ಅದನ್ನ ಬಿಡೋಕಾಗಲ್ಲ. ಸಹ್ಯಾದ್ರಿಯ ಲಾವಾ ಕೆಳಗಿನಿಂದ ಮೇಲಕ್ಕೆ: ಜವ್ಹಾರ್, ಇಗತ್‌ಪುರಿ... ಭೀಮಾಶಂಕರ, ಖಂಡಾಲಾ, ಬುಶೆ, ಪೋಲಾದಪುರ, ಅಂಬೆನಳಿ, ಮಹಾಬಳೇಶ್ವರ, ಪನ್ಹಾಳಾ, ದೇಸೂರ್. ಕೊನೇದರ ಹೆಸರೇ ಬೆಳಗಾವಿ ಪಕ್ಕದ ದೇಸೂರಿನದು. ದಕ್ಷಿಣಕ್ಕೆ ಬಂದಷ್ಟೂ ಕೆಳಗಿನ ಹಂತಗಳು ಮುಗಿದು, ಮೇಲಿನವು ಹಳೇ ಬಂಡೆಯ ಮೇಲೆ ನೇರ ಕೂತಿವೆ. 2019ರ ಎರಡೂ ಗುಂಪಿನವರು ಜಗಳ ಆಡೋದು ಬುಶೆ-ಪೋಲಾದಪುರ-ಅಂಬೆನಳಿ ಮಟ್ಟದಲ್ಲಿ. ದೇಸೂರ್, ಪನ್ಹಾಳಾ ಇಬ್ಬರ ಲೆಕ್ಕದಲ್ಲೂ ಸೀಮೆಯ ನಂತರವೇ.

ಕಾಂತತ್ವವೂ ಅದನ್ನೇ ಹೇಳುತ್ತೆ: ಲಾವಾ ಆರುವಾಗ ಆ ಹೊತ್ತಿನ ಭೂಕಾಂತದ ದಿಕ್ಕನ್ನ ಹಿಡಿದಿಟ್ಟುಕೊಳ್ಳುತ್ತೆ. ವಿನಾಶ ನಡೆದದ್ದು ಭೂಕಾಂತ ತಲೆಕೆಳಗಾಗಿದ್ದ 29-ಆರ್ ಅನ್ನೋ ಕಾಲದಲ್ಲಿ. ಮಹಾಬಳೇಶ್ವರ ಹಂತದ ನಡುವೆ ಅದು ನೇರವಾಗುತ್ತೆ, ವಿನಾಶವಾಗಿ ಸುಮಾರು 3 ಲಕ್ಷ ವರ್ಷಕ್ಕೆ. ಯಾರಾದ್ರೂ ಆ ಕ್ವಾರಿಯಲ್ಲಿ ಪರೀಕ್ಷಿಸೋದಾದ್ರೆ: 2.5 ಸೆಂ.ಮೀ. ಅಡ್ಡಳತೆಯ ಕೋರ್ (ಕೊರೆದ ಕಲ್ಲಿನ ತುಂಡು) ತೆಗೆಯಿರಿ, ಒಂದೊಂದು ಲಾವಾ ಹಾಸಿನಿಂದ ಆರೆಂಟು. ದಿಕ್ಕನ್ನ ಸೂರ್ಯ ದಿಕ್ಸೂಚಿಯಲ್ಲೇ (ನೆರಳು ನೋಡಿ ದಿಕ್ಕು ಹೇಳೋದು) ಗುರುತು ಮಾಡಿ, ಕರಿಕಲ್ಲು ಸಾದಾ ದಿಕ್ಸೂಚಿಯ ಮುಳ್ಳನ್ನ ಎಳೆಯುತ್ತೆ. ಗುಡ್ಡದ ನೆತ್ತಿ ಬೇಡ, ಸಿಡಿಲು ಬಡಿದ ಕಲ್ಲು ಸುಳ್ಳು ಕಾಂತತ್ವ ಹೊತ್ತಿರುತ್ತೆ. ಪ್ರಯೋಗಾಲಯದಲ್ಲಿ ಹಂತಹಂತವಾಗಿ ಕಾಯಿಸಿ, ಮೇಲುಮೇಲಿನ ಕಾಂತತ್ವ ಕಳಚಿದ ಮೇಲೆ ಉಳಿಯೋ ದಿಕ್ಕು ನೋಡಿ. ನೇರ ದಿಕ್ಕು ಬಂದರೆ ಆ ಲಾವಾ ಹರಿದಾಗ ಡೈನೋಸಾರ್ ಇರಲೇ ಇಲ್ಲ, ಹಕ್ಕಿಗಳನ್ನು ಬಿಟ್ಟು.

*ಬಸವರಾಜ, 10:40*
ಫೋಟೊ ತಪ್ಪು, ಒಪ್ಪಿದೆ. ಕಳಿಸಿದ ನಾಲ್ಕೂ ಗುಂಪಿನಾಗ ಅಳಿಸಿದೆ. ಅನಂತನ ಕೊನೀ ಮೆಸೇಜ ಅಲ್ಲೇ ಹಾಕಾಕತ್ತೇನಿ. ಆದ್ರ ಪೋಲಾದಪುರದ ಮಾತು ನಾ ಬಿಡಂಗಿಲ್ಲ. ಆ ಕೆಂಪು ಮಣ್ಣಿನಾಗ ಅತಿ ಕಿರಿಯ ಜಿರ್ಕಾನ್ ಸಿಕ್ಕೈತೋ ಇಲ್ಲೋ ಗೊತ್ತಾಗೂತನಕ ನನ್ನ ವಾದ ಬದುಕೈತಿ.

*ರಝಿಯಾ, 10:43*
ಅಂಜಾರಿನ ಮೊಟ್ಟೆಚಿಪ್ಪಿಗೆ ಮಾತ್ರ ನೀನಿನ್ನೂ ಉತ್ತರ ಕೊಟ್ಟಿಲ್ಲ.